ಕ್ಯಾರವಾನ್ ಕ್ಲಬ್ ಆರಿಸಲು ನಾನು ಕೇಳಿದ್ದು ಕಕ್ಕಸಿನ ಪ್ರಶ್ನೆ

ಕ್ಯಾರವಾನ್ ಕ್ಲಬ್ಬಿಗೆ ದುಡ್ಡು ಕಟ್ಟುವುದು ದಂಡ ಅಂತ ತುಮಕೂರಿನ ನನ್ನ ಗೆಳೆಯರೆಲ್ಲ ಹೇಳಿದ್ದರು. "ಗಾಡಿಯೇ ಮನೆ, ಎಲ್ಲಿ ಬೇಕಾದರೂ ನಿಲ್ಲಿಸು. ಅದಕ್ಕೊಂದು ಸಂಘ ಬೇರೆ ಯಾಕಪ್ಪಾ?" ಅನ್ನೋದು ಅವರ ವಾದ. ಈಗ ಅವರಲ್ಲೇ ಇಬ್ಬರು ನಮ್ಮ ಕ್ಲಬ್ಬಿನ ಸದಸ್ಯರು. ಅದಕ್ಕೇ ಬರೆಯುವ ಧೈರ್ಯ ಬಂತು.

ನನ್ನದು ಸೆಕೆಂಡ್ ಹ್ಯಾಂಡ್ ಫೋರ್ಸ್ ಟ್ರಾವೆಲರ್ ವ್ಯಾನ್. ಒಳಗಿನ ಕೆಲಸಕ್ಕೆ ಎಂಟೂವರೆ, ಒಂಬತ್ತು ಲಕ್ಷ ಆಗಿರಬೇಕು. 200 ಎಎಚ್ ಲಿಥಿಯಂ ಬ್ಯಾಟರಿ, ಮೇಲೆ 400 ವ್ಯಾಟ್ ಸೋಲಾರ್. ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್, ಬಿಳಿ ಬೋರ್ಡ್. ಆರ್‌ಟಿಓ ಕಥೆ ನಿಮಗೂ ಗೊತ್ತಿರೋದೇ, ಬಿಡಿ.

ಮೊದಮೊದಲು ಗೆಳೆಯರು ಹೇಳಿದ ಹಾಗೇ ಓಡಾಡಿದೆ. ದೇವರಾಯನದುರ್ಗದ ಕಡೆ ಕಾಡು, ಕತ್ತಲಾದ ಮೇಲೆ ನಿಲ್ಲಿಸಲು ಬಿಡುವುದಿಲ್ಲ. ಹೈವೇ ಬಂಕಿನಲ್ಲಿ ಮಲಗಿದರೆ ಮಧ್ಯರಾತ್ರಿ ವಾಚ್‌ಮನ್ ಬಾಗಿಲು ಬಡಿಯುತ್ತಾನೆ, ಇಲ್ಲವೇ ಪಕ್ಕದ ಲಾರಿ ಬೆಳಗಿನ ತನಕ ಎಂಜಿನ್ ಆಫ್ ಮಾಡುವುದಿಲ್ಲ. ಚಿಕ್ಕಬಳ್ಳಾಪುರದ ಹತ್ತಿರ ಒಂದು ಹೋಮ್‌ಸ್ಟೇಯವರು ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ರೂಮಿನ ಬಾಡಿಗೆಯನ್ನೇ ತೆಗೆದುಕೊಂಡರು. 1,800 ರೂಪಾಯಿ! ರೂಮಿನ ಬಾಗಿಲು ಕೂಡ ತೆರೆಯಲಿಲ್ಲ ನಾವು.

ಹಾಗಾಗಿ ಕ್ಲಬ್ ಹುಡುಕಾಟ ಶುರುವಾಯಿತು. ಮೊದಲನೆಯದು ಬೆಂಗಳೂರಿನ ದೊಡ್ಡ ಗುಂಪು. ವರ್ಷಕ್ಕೆ 12,000 ಹತ್ತಿರ ಕೊಟ್ಟೆ. ಟೀ ಶರ್ಟ್, ಬ್ಯಾಡ್ಜ್, ಸ್ಟಿಕ್ಕರ್ ಕೊಟ್ಟರು. ಸ್ಟಿಕ್ಕರ್ ಮಾತ್ರ ನಿಜವಾಗಿ ಚೆನ್ನಾಗಿತ್ತು. ತಂಗಲು ಜಾಗ ಕೇಳಿದರೆ ರೆಸಾರ್ಟುಗಳ ಪಟ್ಟಿ, ಶೇಕಡಾ 10 ರಿಯಾಯಿತಿ. ರೆಸಾರ್ಟಿನವರಿಗೆ ರೂಮು ಗೊತ್ತು, ಗಾಡಿ ಗೊತ್ತಿಲ್ಲ. ತೋಟದ ದೀಪಕ್ಕೆ ಎಳೆದ 5 ಆಂಪಿಯರ್ ಪಾಯಿಂಟಿಗೆ ವೈರ್ ಚುಚ್ಚಿ ಅನ್ನುತ್ತಾರೆ. ಏಸಿ ಹಾಕಿದ ತಕ್ಷಣ ಟ್ರಿಪ್. ಸುತ್ತಮುತ್ತಲ ದೀಪವೆಲ್ಲ ಆರಿ, ಮದುವೆ ಪಾರ್ಟಿಯವರು ನಮ್ಮನ್ನೇ ಗುರಾಯಿಸಿದರು. ಆ ವರ್ಷದ ಹಣ ಅಲ್ಲಿಗೇ ಹೋಯಿತು.

ಇನ್ನೊಂದು, ಲಡಾಖ್, ಸ್ಪಿತಿ ಅಂತ ಸಾಲುಗಟ್ಟಿ ಹೋಗುವವರ ಗುಂಪು. ಒಳ್ಳೆಯ ಹುಡುಗರು, ಮೆಕ್ಯಾನಿಕ್ ಕೆಲಸ ಬಲ್ಲವರು. ಇಂಜೆಕ್ಟರ್ ತೊಂದರೆಯನ್ನು ಫೋನಿನಲ್ಲೇ ಹೇಳಿಬಿಡುತ್ತಾರೆ. ಆದರೆ ನನಗೆ ಅಂಗಡಿ ಇದೆ. ಶನಿವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಶಟರ್ ಎತ್ತುವವನಿಗೆ ಲಡಾಖ್ ಎಲ್ಲಿ ಸಾಧ್ಯ? ಮತ್ತೊಬ್ಬರು ಸದಸ್ಯತ್ವ ಪುಕ್ಕಟೆ ಅಂದರು. ಗಾಡಿ ಸುಮ್ನೆ ನಿಂತಿರುವ ದಿನ ಅವರ ಗಿರಾಕಿಗಳಿಗೆ ಬಾಡಿಗೆಗೆ ಕೊಡಬೇಕು, ಅಷ್ಟೇ ಷರತ್ತು. ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಓಡಿ ಎಲ್ಲಾದರೂ ಗುದ್ದಿದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ನಮಸ್ಕಾರ ಹೇಳಿ ಬಂದೆ.

ಆಮೇಲೆ ಬ್ರಿಟನ್ನಿನ ಕ್ಲಬ್ಬುಗಳ ಬಗ್ಗೆ ಓದಿದೆ. ಅಲ್ಲಿ ಎರಡು ದೊಡ್ಡವು. ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ 1901ರಲ್ಲಿ ಶುರುವಾದದ್ದು, ಈಗ ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ ಅನ್ನಿಸಿಕೊಂಡಿರುವುದು 1907ರಲ್ಲಿ. ಎರಡಕ್ಕೂ ದೊಡ್ಡ ಸೈಟುಗಳಿವೆ, ಅಂದರೆ ಗಾಡಿ ನಿಲ್ಲಿಸಿ ತಂಗುವ ಜಾಗಗಳು. ನನಗೆ ಹಿಡಿಸಿದ್ದು ಸಣ್ಣವು. ಯಾರೋ ರೈತನ ಹೊಲದ ಮೂಲೆ, ಹೆಚ್ಚೆಂದರೆ ಐದು ಗಾಡಿ, ಕ್ಲಬ್ಬಿನ ಸದಸ್ಯರಿಗೆ ಮಾತ್ರ. ಕ್ಯಾರವಾನ್ ಸೈಟುಗಳ ಬಗೆಗಿನ ಅಲ್ಲಿನ 1960ರ ಕಾಯ್ದೆಯಲ್ಲಿ ಇಂಥ ಕ್ಲಬ್ಬುಗಳಿಗೆ ವಿನಾಯಿತಿ ಇದೆ. ಹಾಗಾಗಿ ಆ ರೈತ ಬೇರೆ ಸೈಟ್ ಲೈಸೆನ್ಸಿಗೆ ಅಲೆಯಬೇಕಿಲ್ಲ. ಕುಡಿಯುವ ನೀರಿನ ನಲ್ಲಿ, ಗಾಡಿಯೊಳಗಿನ ಕಕ್ಕಸಿನ ಡಬ್ಬ ಖಾಲಿ ಮಾಡಲು ಒಂದು ಜಾಗ ಇದ್ದರೆ ಬಹುತೇಕ ಮುಗಿಯಿತು. ಕರೆಂಟೇ ಇಲ್ಲದವೂ ಇವೆ. ಅಲ್ಲಿನ ಎಷ್ಟೋ ಜನ ಎರಡೂ ಕ್ಲಬ್ಬಿಗೆ ಸೇರುವುದು ಈ ಸಣ್ಣ ಜಾಗಗಳ ಆಸೆಗೇ.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಸದಸ್ಯರು ಎಷ್ಟು, ಶುಲ್ಕ ಎಷ್ಟು ಅಂತ ಕೇಳುವುದು ಬಿಟ್ಟೆ. ನಮ್ಮ ಮನೆಯಿಂದ ನೂರು, ನೂರೈವತ್ತು ಕಿಲೋಮೀಟರ್ ಒಳಗೆ ಸದಸ್ಯರಿಗೆ ಅಂತಲೇ ಇರುವ ಜಾಗ ಎಷ್ಟು, ಅದು ಮುಖ್ಯ. ಇದನ್ನು ನೇರವಾಗಿ ಕೇಳಿದರೆ ಎಲ್ಲರೂ "ಬೇಕಾದಷ್ಟಿದೆ ಸಾರ್" ಅನ್ನುತ್ತಾರೆ. ಅದಕ್ಕೆ ಫೋನಿನಲ್ಲಿ ಮೊದಲೇ ಕೇಳುತ್ತಿದ್ದೆ: "ಕಕ್ಕಸಿನ ಡಬ್ಬ ಎಲ್ಲಿ ಖಾಲಿ ಮಾಡ್ತೀರಿ?" ಒಬ್ಬರು ನಕ್ಕರು. ಒಬ್ಬರು ಸಲಿಕೆ ಇದ್ದರೆ ಸಾಕು ಅಂದರು. ಕೋಲಾರದ ಕಡೆಯ ಒಬ್ಬರು ಮಾತ್ರ ಅರ್ಧ ಗಂಟೆ ಮಾತಾಡಿದರು. "ನಮ್ಮ ತೋಟದ ಸೆಪ್ಟಿಕ್ ಟ್ಯಾಂಕಿಗೆ ಸುರೀಬಹುದು. ಆದ್ರೆ ವಾಸನೆ ತಡೆಯೋಕೆ ಡಬ್ಬಕ್ಕೆ ಫಾರ್ಮಾಲ್ಡಿಹೈಡ್ ಇರೋ ನೀಲಿ ಕೆಮಿಕಲ್ ಹಾಕಿದ್ರೆ ಗೇಟ್ ಹತ್ರಾನೂ ಬರಬೇಡಿ, ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತೋಗ್ತಾವೆ." ಅವರದೇ ಕ್ಲಬ್. ಮೂವತ್ತು ಚಿಲ್ಲರೆ ಗಾಡಿ, ವರ್ಷಕ್ಕೆ 2,500. ಆದರೂ ಮೊದಲು ಅತಿಥಿಯಾಗಿ ಹೋಗಿ ಬಂದೆ, ಆಮೇಲೆ ದುಡ್ಡು ಕಟ್ಟಿದೆ.

ಅತಿಥಿಯಾಗಿ ಹೋದಾಗ ಏನು ನೋಡಬೇಕು? ನಾನು ಮೊದಲು ಕರೆಂಟ್ ಎಲ್ಲಿಂದ ಬರುತ್ತದೆ ಅಂತ ನೋಡುತ್ತೇನೆ. ಪಂಪ್‌ಸೆಟ್ ಲೈನಿನಿಂದ ಎಳೆದು ಕೊಟ್ಟರೆ ಬೇಡ. ಅದು ನೀರಾವರಿಗೆ ಅಂತ ಸರ್ಕಾರ ಪುಕ್ಕಟೆ ಕೊಡುವುದು, ಲೈನ್‌ಮನ್ ಬಂದರೆ ರೈತನಿಗೇ ತೊಂದರೆ. ಮನೆ ಮೀಟರಿನಿಂದ 16 ಆಂಪಿಯರ್ ಪಾಯಿಂಟ್ ಬೇಕು. ನೀರಿಗೂ ಕಷ್ಟ ಇದೆ. ಕೋಲಾರದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ನಮ್ಮ ಪಾವಗಡದ ಕಡೆಯೂ ಅದೇ. ಕೆಸಿ ವ್ಯಾಲಿ ನೀರು ತುಂಬಿದ ಕೆರೆ ಕಣ್ಣಿಗೆ ಚಂದ, ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಟ್ಟದ್ದು, ಗಾಡಿಯ ಟ್ಯಾಂಕಿಗೆ ತುಂಬಿಸಬೇಡಿ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇನೆ. ಇನ್ನು ತುಮಕೂರು ಜಿಲ್ಲೆಯ ರೈತರ ಪ್ರೀತಿ: "ಬಿಸಿಲಲ್ಲಿ ಯಾಕೆ ಸಾರ್, ತೆಂಗಿನ ಮರದ ಕೆಳಗೆ ನಿಲ್ಸಿ." ಒಂದು ಒಣ ಗರಿ ಬಿದ್ದು ಸೋಲಾರ್ ಪ್ಯಾನಲ್ ಬಿರಿಯಿತು, ಏಳು ಸಾವಿರ ಖರ್ಚು. ಕಾಯಿ ಬಿದ್ದಿದ್ದರೆ?

ಕಕ್ಕಸಿನ ಮಾತು ಬಂತಲ್ಲ, ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ತಿಪಟೂರಿನ ಕಡೆ ತೆಂಗಿನ ನಾರಿನ ಪುಡಿಗೆ ಬರವೇ? ಮೂಟೆಗೆ ನೂರರ ಆಸುಪಾಸು ಕೊಟ್ಟು ತಂದು, ಮೂತ್ರ ಬೇರೆಯಾಗುವ ಸೀಟ್ ಹಾಕಿ ಒಣ ಕಕ್ಕಸು ಮಾಡಿದೆ. ಮರದ ಹೊಟ್ಟು ಹಾಕಿದಾಗ ನೊಣ ಬಂತು. ಬರೀ ಬೂದಿ ಹಾಕಿದಾಗ ಗಟ್ಟಿಯಾಗಿ ಕೂತಿತು. ನಾರಿನ ಪುಡಿ ಗೆದ್ದಿತು, ಮಳೆಗಾಲದಲ್ಲಿ ಮಾತ್ರ ಸ್ವಲ್ಪ ವಾಸನೆ. ಅದಕ್ಕೆ ಈಗ ಇನ್ನೊಂದು ಪುಡಿ ಬೆರೆಸುತ್ತೇನೆ. ಏನು, ಎಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತೆಗೆದದ್ದನ್ನು ವರ್ಷಕ್ಕಿಂತ ಜಾಸ್ತಿ ಮುಚ್ಚಿಟ್ಟು ತೆಂಗಿನ ಬುಡಕ್ಕೆ ಹಾಕುತ್ತೇನೆ, ತರಕಾರಿಗೆ ಹಾಕುವುದಿಲ್ಲ. ಹೆಂಡತಿ ಮೊದಲು ಗಾಡಿ ಹತ್ತಲ್ಲ ಅಂದಿದ್ದಳು. ಈಗ ಬಂದವರಿಗೆಲ್ಲ ಅವಳೇ ತೋರಿಸುತ್ತಾಳೆ.

ಕ್ಲಬ್ಬಿಗೆ ಸೇರಿದ ಮೇಲೆ ಜಾಗ ಹುಡುಕುವ ಕೆಲಸ ನನಗೇ ಬಂತು. ಶ್ರೀನಿವಾಸಪುರದ ಮಾವಿನ ತೋಟ, ಗುಡಿಬಂಡೆ ಕಡೆಯ ದ್ರಾಕ್ಷಿ ತೋಟ, ಗುಬ್ಬಿ ತಾಲ್ಲೂಕಿನ ಒಂದು ಅಡಿಕೆ ತೋಟ, ಮೂರನ್ನೂ ಒಪ್ಪಿಸಿದ್ದು ನಾನೇ. ಮಾವಿನ ತೋಟದ ಹಿರಿಯರು ಕೇಳಿದ್ದು ಒಂದೇ: "ಕುಡಿದು ಗಲಾಟೆ ಮಾಡೋರಲ್ಲ ತಾನೇ?" "ಇಲ್ಲ ಯಜಮಾನ್ರೇ, ಹೆಂಡ್ತಿ ಮಕ್ಕಳು ಜೊತೇಲೇ ಇರ್ತಾರೆ" ಅಂದೆ. ಕಾಯಿ ಬಲಿತು ಕಾವಲು ಕೂತ ಮೇಲೆ ಅಲ್ಲಿಗೆ ಹೋಗುವುದಿಲ್ಲ, ಅದು ನಮ್ಮೊಳಗಿನ ಒಪ್ಪಂದ. ಮೊದಲ ಮಾತುಕತೆಯಲ್ಲೇ ರೈತರನ್ನು ಒಪ್ಪಿಸಲು ನನ್ನದೊಂದು ಉಪಾಯ ಇದೆ, ಸದಸ್ಯರಾದವರಿಗೆ ಹೇಳುತ್ತೇನೆ.

ಈಗ ರಾತ್ರಿಗೆ 300, 400 ರೂಪಾಯಿ ನೇರ ರೈತರ ಕೈಗೆ. ಹೋಮ್‌ಸ್ಟೇ ಲೆಕ್ಕಕ್ಕೆ ಹೋಲಿಸಿದರೆ ಎರಡು ರಾತ್ರಿಗೆ ವರ್ಷದ ಶುಲ್ಕ ಹುಟ್ಟುತ್ತದೆ. ಸದಸ್ಯರು ಹೆಚ್ಚಿದ್ದಾರೆ. ಒಂದು ಜಾಗಕ್ಕೆ ಐದೇ ಗಾಡಿ ಅನ್ನುವ ನಮ್ಮ ಮಿತಿಯನ್ನು ಎಂಟು ಮಾಡೋಣ ಅಂತ ಕೆಲವರು ಪಟ್ಟು ಹಿಡಿದಿದ್ದಾರೆ. ಎಂಟಾದರೆ ಗುಡಿಬಂಡೆಯ ಸೆಪ್ಟಿಕ್ ಟ್ಯಾಂಕ್ ಒಂದೇ ವಾರಾಂತ್ಯಕ್ಕೆ ತುಂಬುತ್ತದೆ. ಮುಂದಿನ ಮೀಟಿಂಗಿನಲ್ಲಿ ನಾನು ಬೇಡ ಅಂತಲೇ ಕೈ ಎತ್ತುತ್ತೇನೆ.