ಅರ್ಧ ನೂಲಿನ ತಪ್ಪು, ಏಳು ನೂಲಿನ ಸೊಟ್ಟ: ಮನೆಯಲ್ಲೇ ಕೌದಿ ಹೊಲಿಯುವ ಬಗೆ

ಅರ್ಧಕ್ಕೇ ನಿಂತ ಕೌದಿಗಳು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ನಿಲ್ಲುತ್ತವೆ, ಸಾಲಿಗೆ ಸಾಲು ಜೋಡಿಸುವ ಹೊತ್ತಿನಲ್ಲಿ. ಮೇಲಿನ ಸಾಲಿನ ಚೌಕ ಕೆಳಗಿನ ಚೌಕಕ್ಕೆ ಕೂರುವುದಿಲ್ಲ. ಎಳೆದು ಹೊಲಿದರೆ ನಡುವೆ ಉಬ್ಬು, ಹಾಗೇ ಬಿಟ್ಟು ಹೊಲಿದರೆ ತುದಿಯಲ್ಲಿ ಹೆಚ್ಚುಕಡಿಮೆ ಒಂದಿಂಚು ಬಟ್ಟೆ ನೇತಾಡುತ್ತದೆ. ಬಿಚ್ಚಿ ಬಿಚ್ಚಿ ಬೇಸರವಾಗಿ ಗಂಟು ಕಟ್ಟಿ ಅಟ್ಟಕ್ಕೆ ಸೇರಿಸುತ್ತಾರೆ. ತಪ್ಪು ನಡೆದಿರುವುದು ಮಾತ್ರ ಅದಕ್ಕೂ ಬಹಳ ಮೊದಲು, ಬಟ್ಟೆ ಕತ್ತರಿಸುವಾಗ ಮತ್ತು ಮೊದಲ ಹೊಲಿಗೆ ಹಾಕುವಾಗ.

ಕೌದಿ ಎನ್ನಿ, ಕ್ವಿಲ್ಟ್ ಎನ್ನಿ, ರಚನೆ ಒಂದೇ: ಮೇಲೆ ತುಂಡು ಜೋಡಿಸಿದ ಹಾಳೆ, ನಡುವೆ ಬೆಚ್ಚನೆಯ ಪದರ, ಕೆಳಗೆ ಅಸ್ತರು, ಮೂರನ್ನೂ ಹಿಡಿದಿಡುವ ಹೊಲಿಗೆ. ಇಲ್ಲಿ ಹೇಳುವುದು 48 ಇಂಚು ಅಗಲ, 60 ಇಂಚು ಉದ್ದದ ಕೌದಿಯ ಲೆಕ್ಕ. ಮೂಡಿಗೆರೆ, ಸಕಲೇಶಪುರದ ಡಿಸೆಂಬರ್ ಚಳಿಗೆ ಒಬ್ಬರು ಹೊದ್ದು ಕೂರಲು ಸಾಕು. ಮೊದಲ ಸಲವೇ ಡಬಲ್ ಕಾಟ್ ಅಳತೆಗೆ ಕೈ ಹಾಕಬೇಡಿ. ಅಷ್ಟು ದೊಡ್ಡದನ್ನು ಮನೆಯ ಹೊಲಿಗೆ ಯಂತ್ರದ ಕುತ್ತಿಗೆಯ ಕೆಳಗೆ ಸುರುಳಿ ಸುತ್ತಿ ತೂರಿಸುವುದೇ ಒಂದು ಹೋರಾಟ.

ಏನೇನು ಬೇಕು

44 ಇಂಚು ಪನ್ನದ (ಅಗಲದ) ಹತ್ತಿ ಬಟ್ಟೆ, ಗಾಢ ಬಣ್ಣದ್ದು 1.5 ಮೀಟರ್, ತಿಳಿ ಬಣ್ಣದ್ದು 1.5 ಮೀಟರ್. ಅಂಚುಪಟ್ಟಿಗೆ ಅರ್ಧ ಮೀಟರ್. ಅಸ್ತರಿಗೆ ಒಂದು ಹಳೆಯ ಹತ್ತಿ ಸೀರೆ. ನಡುಪದರಕ್ಕೆ ಇನ್ನೊಂದು ಸೀರೆ, ಇಲ್ಲವೇ 52 x 64 ಇಂಚಿನ ಪಾಲಿಯೆಸ್ಟರ್ ವ್ಯಾಡಿಂಗ್ (ನಡುವೆ ಹಾಸುವ ಮೆತ್ತನೆಯ ಹಾಳೆ). ತುಂಡು ಜೋಡಿಸಲು 14ನೇ ನಂಬರ್ ಸೂಜಿ, ಮೂರು ಪದರ ಹೊಲಿಯಲು 16. ತುಕ್ಕು ಹಿಡಿಯದ ಸೇಫ್ಟಿ ಪಿನ್ನು, ಒಂದು ಉಕ್ಕಿನ ಸ್ಕೇಲು.

ಸ್ಕೇಲಿನ ಬಗ್ಗೆ ಒಂದು ಮಾತು. ಬಟ್ಟೆಯ ಟೇಪು ವರ್ಷಗಳು ಕಳೆದಂತೆ ಹಿಗ್ಗುತ್ತದೆ. ಮನೆಯಲ್ಲಿರುವ ಎರಡು ಟೇಪುಗಳನ್ನು ಪಕ್ಕದಲ್ಲಿಟ್ಟು 60ನೇ ಇಂಚು ನೋಡಿ, ಒಂದಕ್ಕೊಂದು ಕೂಡದೇ ಇರಬಹುದು. ಶುರುವಿನಿಂದ ಕೊನೆಯವರೆಗೆ ಒಂದೇ ಅಳತೆಗೋಲು ಹಿಡಿಯಿರಿ.

ಬಟ್ಟೆಯ ಪರೀಕ್ಷೆ

ಕಟ್‌ಪೀಸ್ ಅಂಗಡಿಯಲ್ಲಿ ‘ಪ್ಯೂರ್ ಕಾಟನ್’ ಎಂದದ್ದನ್ನೆಲ್ಲ ನಂಬಬೇಕಿಲ್ಲ. ಅಂಚಿನಿಂದ ಒಂದು ಎಳೆ ಎಳೆದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ತುದಿ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ಬಟ್ಟೆ ಕೌದಿಗೆ ಬರುವುದೇ ಇಲ್ಲವೆಂದಲ್ಲ. ಅದು ಇಸ್ತ್ರಿಗೆ ಮಡಿಕೆ ಹಿಡಿಯುವುದಿಲ್ಲ, ಹತ್ತಿಯ ಜೊತೆ ಒಗೆದಾಗ ಹತ್ತಿ ಕುಗ್ಗುತ್ತದೆ, ಇದು ಕುಗ್ಗದೆ ಸುಕ್ಕಾಗಿ ನಿಲ್ಲುತ್ತದೆ.

ಹಳೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಜಾಳುಜಾಳಾಗಿ ಕಂಡ ಕಡೆ ಎರಡೂ ಹೆಬ್ಬೆರಳಿನಿಂದ ಎಳೆಯಿರಿ, ಪಿಸಿಯುವಂತಿದ್ದರೆ ಆ ಭಾಗ ಬೇಡ. ಸೆರಗು ಬಹಳ ಕಾಲ ಗಟ್ಟಿಯಾಗಿರುತ್ತದೆ, ಮೊದಲು ಸವೆಯುವುದು ಕೂರುವ ಜಾಗ ಮತ್ತು ಕೆಳಗಿನ ಅಂಚು. ಸವೆದದ್ದನ್ನು ನಡುಪದರಕ್ಕೆ ಹಾಕಿದರೆ ನಡೆಯುತ್ತದೆ, ಮೇಲಿನ ಹಾಳೆಗೆ ಹಾಕಿದರೆ ಎರಡೇ ಒಗೆತಕ್ಕೆ ತೂತು.

ಹೊಸ ಬಟ್ಟೆ ಎಲ್ಲವನ್ನೂ ಕತ್ತರಿಸುವ ಮುಂಚೆ ಒಗೆಯಲೇಬೇಕು, ಒಂದು ಕುಗ್ಗಲಿ ಎಂದು, ಇನ್ನೊಂದು ಬಣ್ಣ ಬಿಡಲಿ ಎಂದು. ಕೆಂಪು, ಕಡುನೀಲಿ, ಕಪ್ಪನ್ನು ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ಕಚ್ಚುತ್ತದೆ ಎನ್ನುವ ಮಾತು ಮನೆಮನೆಯಲ್ಲಿದೆ. ಅಂಗಡಿಯಿಂದ ಬಣ್ಣ ಹಾಕಿಯೇ ಬಂದ ಬಟ್ಟೆಗೆ ಅದರಿಂದ ಪ್ರಯೋಜನವಿಲ್ಲ, ಹೆಚ್ಚಿನ ಬಣ್ಣ ನೀರಿಗೆ ಹೋಗಲೇಬೇಕು. ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ನಾಲ್ಕನೇ ಒಗೆತಕ್ಕೂ ಚಿಂದಿ ಕೆಂಪಾದರೆ ಆ ಬಟ್ಟೆಯನ್ನು ತಿಳಿ ಬಣ್ಣದ ಪಕ್ಕ ಇಡಬೇಡಿ.

ತೆಳ್ಳನೆಯ ಗಂಜಿ ಹಾಕಿ ಒಣಗಿಸಿದರೆ ಕತ್ತರಿಸುವಾಗ ಬಟ್ಟೆ ಜಾರುವುದಿಲ್ಲ. ಆದರೆ ಗಂಜಿ ಉಳಿದ ಬಟ್ಟೆಗೆ ಬೂಷ್ಟು ಬೇಗ ಹಿಡಿಯುತ್ತದೆ, ಬೆಳ್ಳಿಹುಳವೂ ಬರುತ್ತದೆ. ಬೇಸಿಗೆಯಲ್ಲಿ ಶುರು ಮಾಡಿ ಮಳೆಗಾಲದ ಮುಂಚೆ ಮುಗಿಸುತ್ತೇವೆ ಎನ್ನುವವರು ಮಾತ್ರ ಗಂಜಿ ಬಳಸಲಿ.

ಕತ್ತರಿಸುವುದು

ಒಂದೊಂದು ಚೌಕ 6.5 ಇಂಚು. ಹೊಲಿದ ಮೇಲೆ 6 ಇಂಚು ಉಳಿಯುತ್ತದೆ. ಅಡ್ಡಕ್ಕೆ 8, ಉದ್ದಕ್ಕೆ 10, ಒಟ್ಟು 80 ಚೌಕ: 40 ಗಾಢ, 40 ತಿಳಿ. ಒಗೆದು ಕುಗ್ಗಿದ ಬಟ್ಟೆಯ ಒಂದು ಅಡ್ಡಪಟ್ಟಿಯಲ್ಲಿ 6 ಚೌಕ ಸಿಗುತ್ತವೆ. ಒಂದೊಂದು ಬಣ್ಣಕ್ಕೆ 7 ಪಟ್ಟಿ ಬೇಕು, ಅಂದರೆ 45.5 ಇಂಚು ಬಟ್ಟೆ. 1.5 ಮೀಟರ್ ತಂದರೆ ಕುಗ್ಗಿದ್ದು, ಸೊಟ್ಟ ತೆಗೆದದ್ದು ಹೋಗಿ ಎರಡು ಮೂರು ಹೆಚ್ಚಿನ ಚೌಕಕ್ಕೂ ಆಗುತ್ತದೆ.

ಅಂಗಡಿಯವರು ಕತ್ತರಿಸಿಕೊಟ್ಟ ಅಂಚು ನೇರ ಇರುತ್ತದೆಂದು ನಂಬಬೇಡಿ. ಅಂಚಿನಲ್ಲಿ ಸಣ್ಣದಾಗಿ ಕಚ್ಚು ಹಾಕಿ ಅಡ್ಡಕ್ಕೆ ಹರಿಯಿರಿ, ಹೊಕ್ಕಿನ (ಅಡ್ಡದ) ಎಳೆ ಹಿಡಿದೇ ಹರಿಯುತ್ತದೆ. ಅದೇ ನೇರ. ಹಾಸಿನ (ಉದ್ದದ ಎಳೆಯ) ದಿಕ್ಕಿಗೆ ಬಟ್ಟೆ ಹಿಗ್ಗುವುದು ಕಡಿಮೆ, ಹೊಕ್ಕಿಗೆ ಸ್ವಲ್ಪ, ಓರೆಗೆ ಎಳೆದರೆ ರಬ್ಬರಿನಂತೆ. ಚೌಕದ ಬದಿ ಹಾಸುಹೊಕ್ಕಿಗೆ ಸರಿಯಾಗಿ ಇಲ್ಲದಿದ್ದರೆ ಸ್ಕೇಲಿನಲ್ಲಿ 6.5 ತೋರಿಸಿದ್ದು ಹೊಲಿಯುವಾಗ ಬೇರೆಯೇ ಆಗುತ್ತದೆ.

ರೋಟರಿ ಕಟರ್, ಮ್ಯಾಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಎಕ್ಸ್‌ರೇ ಹಾಳೆಯಲ್ಲಿ 6.5 ಇಂಚಿನ ಅಚ್ಚು ಕತ್ತರಿಸಿಕೊಳ್ಳಿ. ರಟ್ಟಿನ ಅಚ್ಚು ಬೇಡ, ಪೆನ್ಸಿಲ್ ತಿರುಗಿಸಿ ತಿರುಗಿಸಿ ಅದರ ಮೂಲೆ ಸವೆಯುತ್ತದೆ, ಮೊದಲ ಚೌಕಕ್ಕೂ ಎಂಬತ್ತನೆಯದಕ್ಕೂ ಹೋಲಿಕೆ ಇರುವುದಿಲ್ಲ. ದರ್ಜಿ ಚಾಕಿನ ತುದಿ ಮೊಂಡಾಗಿದ್ದರೆ ಆ ಗೆರೆಯೇ ಅರ್ಧ ನೂಲು ದಪ್ಪ (ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಭಾಗ). ಗೆರೆಯ ಒಳಮೈಯಲ್ಲಿ ಕತ್ತರಿಸುತ್ತೀರೋ ಹೊರಮೈಯಲ್ಲೋ, ಮೊದಲೇ ಒಂದು ನಿರ್ಧಾರ ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಿ.

ಕಾಲು ಇಂಚಿನ ಹೊಲಿಗೆ

ಬಡಗಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಚೌಕ ಜೋಡಿಸುವ ಹೊಲಿಗೆಯಂಚು (ಹೊಲಿಗೆಯಿಂದ ಬಟ್ಟೆಯ ತುದಿಗಿರುವ ಅಂತರ) ಕಾಲು ಇಂಚು, ಅಂದರೆ ಎರಡು ನೂಲು. ಇದನ್ನು ಅರ್ಧ ನೂಲು ಹೆಚ್ಚು ಹಿಡಿದಿರಿ ಎಂದುಕೊಳ್ಳಿ. ಒಂದು ಜೋಡಣೆಯಲ್ಲಿ ಎರಡು ಬದಿಯೂ ಸೇರಿ ಒಂದು ನೂಲು ನುಂಗಿತು. ಎಂಟು ಚೌಕದ ಸಾಲಿನಲ್ಲಿ ಏಳು ಜೋಡಣೆ, ಏಳು ನೂಲು ಹೋಯಿತು. ಪಕ್ಕದ ಸಾಲನ್ನು ಇನ್ನೊಂದು ದಿನ, ಇನ್ನೊಂದು ಕೈಯಲ್ಲಿ ಸರಿಯಾಗಿ ಹೊಲಿದಿದ್ದರೆ ಎರಡರ ನಡುವೆ ಹೆಚ್ಚುಕಡಿಮೆ ಒಂದಿಂಚಿನ ಅಂತರ. ಲೇಖನದ ಶುರುವಿನಲ್ಲಿ ನೇತಾಡಿದ್ದು ಇದೇ.

ಹಾಗಾಗಿ ಯಂತ್ರದ ಕಾಲಿನ (ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗದ) ಅಂಚನ್ನು ನಂಬದೆ ಗುರುತು ನೀವೇ ಹಾಕಿಕೊಳ್ಳಿ. ಸ್ಕೇಲನ್ನು ಕಾಲಿನ ಕೆಳಗಿಟ್ಟು, ಚಕ್ರ ಕೈಯಲ್ಲಿ ತಿರುಗಿಸಿ ಸೂಜಿಯನ್ನು ಸರಿಯಾಗಿ ಕಾಲು ಇಂಚಿನ ಗೆರೆಯ ಮೇಲೆ ಇಳಿಸಿ. ಸ್ಕೇಲಿನ ಬಲ ಅಂಚು ಎಲ್ಲಿ ನಿಂತಿತೋ ಅಲ್ಲಿ ಯಂತ್ರದ ತಟ್ಟೆಗೆ ಔಷಧಿ ಅಂಗಡಿಯ ಪ್ಲಾಸ್ಟರನ್ನು ನಾಲ್ಕು ಮಡಿಕೆ ಮಾಡಿ ಅಂಟಿಸಿ. ಸಣ್ಣ ಗೋಡೆಯಂತೆ ನಿಲ್ಲುತ್ತದೆ, ಬಟ್ಟೆಯ ಅಂಚು ಅದನ್ನು ತಾಗಿಕೊಂಡೇ ಹೋಗಲಿ.

ಆಮೇಲೆ ಪರೀಕ್ಷೆ. 2 ಇಂಚು ಅಗಲದ ಮೂರು ಚಿಂದಿ ಪಟ್ಟಿಗಳನ್ನು ಪಕ್ಕಪಕ್ಕ ಹೊಲಿದು ಇಸ್ತ್ರಿ ಮಾಡಿ ನಡುವಿನದನ್ನು ಅಳೆಯಿರಿ. 1.5 ಇಂಚು ಇರಬೇಕು. ಕಡಿಮೆ ಬಂದರೆ ಪ್ಲಾಸ್ಟರನ್ನು ಎಳೆಯಷ್ಟು ಸೂಜಿಯ ಕಡೆ ಸರಿಸಿ. ಬಹಳಷ್ಟು ಸಲ ಸರಿಸಲೇಬೇಕಾಗುತ್ತದೆ, ಏಕೆಂದರೆ ಹೊಲಿಗೆಯನ್ನು ಮಡಿಸಿದಾಗ ಆ ಮಡಿಕೆಯ ದಪ್ಪವೇ ಒಂದೆರಡು ಎಳೆ ತಿನ್ನುತ್ತದೆ. ಈ ಹತ್ತು ನಿಮಿಷದ ಕೆಲಸವನ್ನು ಬಿಟ್ಟವರು ಮುಂದೆ ಹತ್ತು ಸಂಜೆ ಬಿಚ್ಚುತ್ತಾ ಕೂರುತ್ತಾರೆ.

ಹೊಲಿಗೆ ಇಂಚಿಗೆ 10ರಿಂದ 12 ಇರಲಿ. ಚೌಕಗಳನ್ನು ಗಾಢ, ತಿಳಿ, ಗಾಢ, ತಿಳಿ ಎಂದು ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಕಣ್ಣಿಗೆ ಬೇರೆ ಬೇರೆ ಕಂಡ ಹಸಿರು, ಕೆಂಪು ಅದರಲ್ಲಿ ಒಂದೇ ಬೂದಿಯಾದರೆ ಬದಲಾಯಿಸಿ. ಒಂದು ಸಾಲು ಹೊಲಿದ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಎತ್ತಿ ಇಡಿ, ಉಜ್ಜಿದರೆ ಹಿಗ್ಗುತ್ತದೆ. ಮಡಿಕೆಗಳನ್ನೆಲ್ಲ ಗಾಢ ಬಣ್ಣದ ಕಡೆಗೆ ಒತ್ತಿ. ಚೌಕಗಳು ಒಂದುಬಿಟ್ಟು ಒಂದು ಇರುವುದರಿಂದ ಪಕ್ಕದ ಸಾಲಿನ ಮಡಿಕೆ ತಾನಾಗಿ ಎದುರು ದಿಕ್ಕಿಗೆ ಬರುತ್ತದೆ. ಎರಡು ಸಾಲನ್ನು ಮುಖಾಮುಖಿ ಇಟ್ಟು ಬೆರಳಾಡಿಸಿ, ಮಡಿಕೆಗೆ ಮಡಿಕೆ ಕಚ್ಚಿಕೊಂಡು ಸಣ್ಣಗೆ ಕೂರುವುದು ಬೆರಳಿಗೇ ತಿಳಿಯುತ್ತದೆ. ಅಲ್ಲಿಗೆ ಪಿನ್ನು ಹಾಕಿ ಹೊಲಿಯಿರಿ.

ಬೇಲೂರು, ಹಳೇಬೀಡಿನ ಗುಡಿಗಳ ಜಗತಿಯ (ಕಟ್ಟೆಯ) ನಕ್ಷತ್ರದ ಮೂಲೆಗಳನ್ನು ನೋಡಿ ಬೆಳೆದ ಊರಿನವರಿಗೆ ಬರೀ ಚೌಕ ಸಪ್ಪೆ ಎನಿಸಬಹುದು. ಎಂಟು ಮೊನೆಯ 12 ಇಂಚಿನ ನಕ್ಷತ್ರಕ್ಕೆ ಬೇಕಾದದ್ದು ಇಷ್ಟು: ನಡುವಿಗೆ 6.5 ಇಂಚಿನ ಒಂದು ಚೌಕ, ಮೂಲೆಗೆ 3.5ರ ನಾಲ್ಕು ಚೌಕ, ಹಿನ್ನೆಲೆ ಬಣ್ಣದ 3.5 x 6.5ರ ನಾಲ್ಕು ಆಯತ, ಮೊನೆಗೆ ನಕ್ಷತ್ರದ ಬಣ್ಣದ 3.5ರ ಎಂಟು ಚೌಕ. ಆಯತದ ಒಂದು ತುದಿಗೆ ಚೌಕ ಇಟ್ಟು ಓರೆಗೆ ಹೊಲಿದು, ಕಾಲು ಇಂಚು ಬಿಟ್ಟು ಮೂಲೆ ಕತ್ತರಿಸಿ ಮಡಿಸಿ, ಇನ್ನೊಂದು ತುದಿಗೂ ಹಾಗೆಯೇ. ತ್ರಿಕೋನದ ಮೊನೆ ಆಯತದ ಮೇಲಂಚಿನಿಂದ ಸರಿಯಾಗಿ ಕಾಲು ಇಂಚು ಕೆಳಗಿರಬೇಕು. ಅದು ತಪ್ಪಿದರೆ ಮೊನೆ ಹೊಲಿಗೆಯೊಳಗೆ ಹೋಗಿ ನಕ್ಷತ್ರ ಮೊಂಡಾಗುತ್ತದೆ. ನಾಲ್ಕು ಚೌಕದ ಜಾಗಕ್ಕೆ ಇಂಥ ಒಂದು ನಕ್ಷತ್ರ ಕೂರುತ್ತದೆ, ಮೊದಲ ಕೌದಿಗೆ ಒಂದೇ ಸಾಕು.

ಮೂರು ಪದರ

ಸೀರೆಯಿಂದ 56 ಇಂಚು ಉದ್ದದ ಎರಡು ತುಂಡು ತೆಗೆದು ಪನ್ನದ ಅಂಚಿಗೆ ಅಂಚು ಸೇರಿಸಿ ಹೊಲಿಯಿರಿ, ಒಂದು ಬದಿ ಕತ್ತರಿಸಿ 56 x 68 ಮಾಡಿ. ಸುತ್ತ ನಾಲ್ಕು ಇಂಚು ಹೆಚ್ಚಿರಲಿ. ಜೋಡಣೆ ನಟ್ಟನಡುವೆ ಬಾರದಂತೆ ಕತ್ತರಿಸಿ, ಮಡಿಸಿಡುವ ಗೆರೆಯೂ ಅಲ್ಲೇ ಬಿದ್ದು ಬೇಗ ಸವೆಯುತ್ತದೆ. ನಡುಪದರದ ಸೀರೆಯಿಂದ 53 ಇಂಚಿನ ನಾಲ್ಕು ತುಂಡು ಸಿಗುತ್ತವೆ, ಎರಡೆರಡು ಸೇರಿಸಿದರೆ ಎರಡು ಪದರ. ಇಲ್ಲಿ ಹೊಲಿಗೆಯಂಚು ಬಿಡಬೇಡಿ, ಒಂದರ ಮೇಲೊಂದು ಅರ್ಧ ಇಂಚು ಹತ್ತಿಸಿ ಕಚ್ಚಾ ಹೊಲಿಗೆ ಹಾಕಿ. ಇಲ್ಲವಾದರೆ ಹೊದ್ದಾಗ ದಡಿಯಂತೆ ತಾಗುತ್ತದೆ.

ಸೀರೆಯೋ ವ್ಯಾಡಿಂಗೋ ಎಂಬುದನ್ನು ಊರು ನೋಡಿ ನಿರ್ಧರಿಸಿ. ಅರಸೀಕೆರೆ, ಕಡೂರಿನ ಕಡೆ ಸೀರೆಯೇ ಚೆಂದ, ಮೈಗೆ ಹಿತ. ಶೃಂಗೇರಿ, ಕೊಪ್ಪದ ಮಳೆಯಲ್ಲಿ ನಾಲ್ಕು ಪದರ ಹತ್ತಿ ಒಮ್ಮೆ ಒದ್ದೆಯಾದರೆ ವಾರವಾದರೂ ಆರುವುದಿಲ್ಲ. ಅಲ್ಲಿಗೆ ತೆಳುವಾದ ಪಾಲಿಯೆಸ್ಟರ್ ವ್ಯಾಡಿಂಗ್ ವಾಸಿ.

ಹರಡಲು ಸಮತಟ್ಟಾದ ದೊಡ್ಡ ಜಾಗ ಬೇಕು. ತೋಟದ ಮನೆಯ ಕಾಫಿ ಕಣಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಕೊಯ್ಲಿನ ತಿಂಗಳುಗಳಲ್ಲಿ ಅದರ ಆಸೆ ಬಿಡಿ. ಕಣ ಖಾಲಿಯಾಗುವ ಹೊತ್ತಿಗೆ ಹೂಮಳೆಯ ಮೋಡ ನೋಡಿಕೊಂಡು ಹರಡಬೇಕು. ನೆಲ ತೊಳೆದಿರಲಿ, ಹಣ್ಣಿನ ಸಿಪ್ಪೆಯ ಕಲೆ ಹೋಗುವುದಿಲ್ಲ. ಅಸ್ತರನ್ನು ಬೆನ್ನು ಮೇಲಾಗಿ ಹಾಸಿ ಸುತ್ತ ಟೇಪಿನಿಂದ ನೆಲಕ್ಕೆ ಅಂಟಿಸಿ. ಸುಕ್ಕಿಲ್ಲದಷ್ಟು ಬಿಗಿ ಸಾಕು. ಡೋಲಿನಂತೆ ಎಳೆದರೆ ಟೇಪು ತೆಗೆದ ಕೂಡಲೇ ಹಿಂದಕ್ಕೆ ಕುಗ್ಗಿ ಮೇಲಿನ ಹಾಳೆ ಸುಕ್ಕಾಗುತ್ತದೆ. ಅದರ ಮೇಲೆ ನಡುಪದರ, ಅದರ ಮೇಲೆ ಚೌಕದ ಹಾಳೆ. ನಡುವಿನಿಂದ ಹೊರಕ್ಕೆ, ನಾಲ್ಕು ಬೆರಳಿನ ಅಗಲಕ್ಕೊಂದು ಸೇಫ್ಟಿ ಪಿನ್ನು. 150ರ ಮೇಲೆಯೇ ಬೇಕಾಗುತ್ತದೆ. ಮಳೆಗಾಲದಲ್ಲಿ ಪಿನ್ನು ಹಾಕಿ ವಾರಗಟ್ಟಲೆ ಬಿಟ್ಟರೆ ತುಕ್ಕಿನ ಕಂದು ಚುಕ್ಕಿ ಶಾಶ್ವತ. ಆಗ ಪಿನ್ನಿಗಿಂತ ಉದ್ದುದ್ದ ಕಚ್ಚಾ ಹೊಲಿಗೆಯೇ ಕ್ಷೇಮ.

ಹಿಡಿದಿಡುವ ಹೊಲಿಗೆ

ಮೂಲೆಯಿಂದ ಮೂಲೆಗೆ, ಚೌಕಗಳ ಓರೆಗೆರೆ ಹಿಡಿದು ಹೊಲಿಯಿರಿ. ಗುರುತು ಹಾಕುವ ಕೆಲಸವಿಲ್ಲ, ಗೆರೆಗೂ ಗೆರೆಗೂ ನಡುವೆ ಸುಮಾರು ನಾಲ್ಕೂಕಾಲು ಇಂಚು. ಯಂತ್ರದಲ್ಲಾದರೆ ನಡುವಿನ ಗೆರೆ ಮೊದಲು, ಆಮೇಲೆ ಎರಡೂ ಪಕ್ಕಕ್ಕೆ. ಯಂತ್ರದ ಹಲ್ಲು ಕೆಳಗಿನ ಪದರವನ್ನು ಎಳೆಯುತ್ತದೆ, ಕಾಲು ಮೇಲಿನದನ್ನು ತಡೆಯುತ್ತದೆ. ಹೆಚ್ಚಾದ ಬಟ್ಟೆ ಮುಂದೆ ಸರಿಯುತ್ತಾ ಹೋಗಿ ಅಂಚಿನಿಂದ ಹೊರಬೀಳಬೇಕು. ಅಂಚಿನಿಂದ ಒಳಕ್ಕೆ ಹೊಲಿದರೆ ನಡುವೆ ಗುಳ್ಳೆ ಕಟ್ಟುತ್ತದೆ. ವಾಕಿಂಗ್ ಫುಟ್ (ಮೇಲಿನ ಪದರವನ್ನೂ ಜೊತೆಗೆ ಎಳೆಯುವ ಕಾಲು) ಇದ್ದರೆ ಹಾಕಿ. ಇಲ್ಲದಿದ್ದರೆ ಕಾಲಿನ ಒತ್ತಡದ ತಿರುಪನ್ನು ಎರಡು ಮೂರು ಸುತ್ತು ಸಡಿಲಿಸಿ, ಹೊಲಿಗೆಯನ್ನು ಇಂಚಿಗೆ 7–8ಕ್ಕೆ ಇಳಿಸಿ. ಎಡಗಡೆ ಒಂದು ಸ್ಟೂಲಿಟ್ಟು ಕೌದಿಯ ಭಾರ ಹೊರಿಸಿ. ಜೋತುಬಿದ್ದ ಭಾರ ಸೂಜಿಯನ್ನು ಬಾಗಿಸಿ ಮುರಿಯುತ್ತದೆ.

ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಕೈಯಲ್ಲಿ ಹೊಲಿಯುವ ಕವಂದಿಯಲ್ಲಿ ಎಲ್ಲ ತಿರುವುಮುರುವು: ಹೊರ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಅಲ್ಲಿ ತುಂಡುಗಳನ್ನು ಮೊದಲೇ ಜೋಡಿಸಿಟ್ಟಿರುವುದಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಅಸ್ತರಿನ ಮೇಲೇ ಒಂದೊಂದನ್ನು ಕೂರಿಸುವುದರಿಂದ ಗುಳ್ಳೆಯ ಪ್ರಶ್ನೆಯೇ ಬರುವುದಿಲ್ಲ.

ಕೈಹೊಲಿಗೆ ಮಾಡುವವರು ಒಂದು ಮೊಳಕ್ಕಿಂತ ಉದ್ದದ ದಾರ ಪೋಣಿಸಬೇಡಿ. ಉದ್ದವಾದಷ್ಟೂ ಬಟ್ಟೆಯಲ್ಲಿ ಉಜ್ಜಿ ಜುಂಗಾಗಿ ಗಂಟು ಬೀಳುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಳ್ಳಿ.

ಯಂತ್ರ ಮುನಿಸಿಕೊಂಡರೆ: ಕೆಳಗಡೆ ದಾರದ ಕುಣಿಕೆ ಕಂಡರೆ ಮೇಲಿನ ದಾರ ಸಡಿಲ, ಟೆನ್ಷನ್ ಬಿಲ್ಲೆಯೊಳಗೆ ಕೂತಿದೆಯೇ ಮೊದಲು ನೋಡಿ. ಬಾಬಿನ್ ದಾರ ಮೇಲೆ ಚುಕ್ಕಿಯಾಗಿ ಕಂಡರೆ ಮೇಲಿನದು ಅತಿ ಬಿಗಿ. ಹೊಲಿಗೆ ಹಾರಿದರೆ ಸೂಜಿ ಬದಲಿಸಿ. ತುಳಿಯುವ ಯಂತ್ರದ ಚರ್ಮದ ಬೆಲ್ಟು ಮಳೆಗಾಲದಲ್ಲಿ ತೇವ ಹೀರಿ ಹಿಗ್ಗಿ ಜಾರುತ್ತದೆ, ಅರ್ಧ ಇಂಚು ಕತ್ತರಿಸಿ ಮತ್ತೆ ಕ್ಲಿಪ್ ಹಾಕಿದರಾಯಿತು. ಎಣ್ಣೆ ಬಿಟ್ಟ ಮೇಲೆ ಚಿಂದಿಯ ಮೇಲೆ ಎರಡು ನಿಮಿಷ ಓಡಿಸದೆ ಕೌದಿ ಮುಟ್ಟಬೇಡಿ.

ಅಂಚು, ಆಮೇಲೆ ಮಳೆ

ಹೆಚ್ಚಿನ ಅಸ್ತರು, ನಡುಪದರ ಕತ್ತರಿಸಿ. ಸುತ್ತಳತೆ 216 ಇಂಚು, ಮೂಲೆಗೂ ಜೋಡಣೆಗೂ 12 ಸೇರಿಸಿ 228. 2.5 ಇಂಚು ಅಗಲದ ಆರು ಪಟ್ಟಿ ಬೇಕು. ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ನೇರ ಜೋಡಿಸಿದರೆ ದಪ್ಪವೆಲ್ಲ ಒಂದೇ ಕಡೆ ಗುಡ್ಡೆಯಾಗುತ್ತದೆ. ಉದ್ದಕ್ಕೆ ಎರಡು ಮಡಿಕೆ ಮಾಡಿ ಮುಂಭಾಗಕ್ಕೆ ಹೊಲಿಯಿರಿ. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ಪಟ್ಟಿಯನ್ನು ನೇರ ಮೇಲಕ್ಕೆ ಮಡಿಸಿ, ಮತ್ತೆ ಕೆಳಕ್ಕೆ ಮಡಿಸಿ, ಅಂಚಿನಿಂದ ಹೊಸದಾಗಿ ಶುರು ಮಾಡಿ. ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಹೆಮ್ಮಿಂಗ್ ಹಾಕಿ.

ಗಂಜಿ ಹಾಕಿದ್ದರೆ ಈಗ ತಪ್ಪದೆ ಒಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆಯುವ ಗೊಡವೆ ಬೇಡ. ಬಚ್ಚಲೊಲೆಯ ಮೇಲೆ ಹರಡಿದರೆ ಆರುತ್ತದೆ ನಿಜ, ಹೊಗೆಯ ವಾಸನೆ ಮುಂದಿನ ಬೇಸಿಗೆಯವರೆಗೂ ಇರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಎರಡೂ ಮಗ್ಗುಲು ಕಾಯಿಸಿ, ಪೂರ್ತಿ ತಣ್ಣಗಾದ ಮೇಲೆ ಮಡಿಸಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಬೂಷ್ಟು ಕಟ್ಟುತ್ತದೆ. ಹಳೆ ಪಂಚೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ಎರಡು ತಿಂಗಳಿಗೊಮ್ಮೆ ತೆಗೆದು ಕೊಡವಿ, ಹೋದ ಸಲ ಮೂರು ಮಡಿಕೆ ಮಾಡಿದ್ದರೆ ಈ ಸಲ ನಾಲ್ಕು ಮಾಡಿ, ಹಳೆಯ ಗೆರೆಯ ಮೇಲೆ ಮತ್ತೆ ಮಡಿಕೆ ಬೀಳದ ಹಾಗೆ.