ಪಂಚಾಂಗ ನೋಡಿ ವಿಯೆಟ್ನಾಂಗೆ: ಹೊರದೇಶದಲ್ಲಿ ನನ್ನ ವೀಗನ್ ಊಟ

ಬೆಂಗಳೂರಿನಲ್ಲಿ ವೀಗನ್ ಆಗಿರುವವರಿಗೆ, ಅಂದರೆ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ತುಪ್ಪ, ಜೇನನ್ನೂ ಮುಟ್ಟದವರಿಗೆ, ದೊಡ್ಡ ತಲೆನೋವು ಹಾಲು. ದರ್ಶಿನಿಯಲ್ಲಿ ಖಾಲಿ ದೋಸೆ ಕೇಳಿದರೂ ಮೇಲೊಂದು ಚಮಚ ಬೆಣ್ಣೆ ಬೀಳುತ್ತದೆ. ಬಿಸಿಬೇಳೆಬಾತ್‌ಗೆ ತುಪ್ಪ, ಕಾಫಿಗೆ ಹಾಲು. ಮೀನು, ಮಾಂಸದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಅಷ್ಟಾಗಿ ಬರುವುದಿಲ್ಲ.

ಹೊರದೇಶಕ್ಕೆ ಹೋದರೆ ಲೆಕ್ಕ ಉಲ್ಟಾ. ಥಾಯ್ಲೆಂಡ್, ವಿಯೆಟ್ನಾಂ ಕಡೆ ಅಡುಗೆಗೆ ಹಾಲು ಹಾಕುವುದೇ ಕಡಿಮೆ, ಆದರೆ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ಯುರೋಪಿನಲ್ಲಿ ಚೀಸ್, ಬೆಣ್ಣೆಯ ಕಾಟ. ಹಾಗಾಗಿ ವೀಗನ್ ಹೋಟೆಲುಗಳ ಪಟ್ಟಿ ಮಾಡುವ ಮುಂಚೆ ನಾನು ಹುಡುಕುವುದು ಬೇರೆ ವಿಷಯ: ಆ ಊರಿನವರು ಯಾವಾಗ ಮಾಂಸ ಬಿಡುತ್ತಾರೆ? ನಮ್ಮಲ್ಲಿ ಶ್ರಾವಣ, ಸೋಮವಾರ, ಶನಿವಾರ ಅಂತ ಇರುತ್ತದಲ್ವಾ, ಅಂಥದ್ದು ಬೇರೆ ಕಡೆಯೂ ಇದೆ. ಆ ದಿನದ ಅಡುಗೆ ಸಿಕ್ಕಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ವಿಯೆಟ್ನಾಂನಲ್ಲಿ ಇದು ನನಗೆ ಚೆನ್ನಾಗಿ ಕೆಲಸ ಮಾಡಿತು. ಅಲ್ಲಿನ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತು 15ನೇ ದಿನ ಮಾಂಸ, ಮೀನು ಮುಟ್ಟುವುದಿಲ್ಲ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ, ಒಂದು ದಿನ ಆಚೀಚೆ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿಯೇ ನಾನು ಹೋ ಚಿ ಮಿನ್ ಸಿಟಿಯ ದಿನಗಳನ್ನು ಹುಣ್ಣಿಮೆಗೆ ಹೊಂದಿಸಿಕೊಂಡೆ. ಅವತ್ತು ಮಾಮೂಲಿ ಅಂಗಡಿಗಳಲ್ಲೂ ಸಸ್ಯಾಹಾರದ ಬೋರ್ಡು ಕಾಣುತ್ತದೆ. ಉಳಿದ ದಿನಗಳಲ್ಲಿ ‘ಕಾಮ್ ಚಾಯ್’ ಎಂಬ ಬೋರ್ಡು ಹುಡುಕಬೇಕು. ಅದು ಸಸ್ಯಾಹಾರಿ ಅನ್ನದ ಅಂಗಡಿ, ದೇವಸ್ಥಾನಗಳ ಅಕ್ಕಪಕ್ಕ ಸಾಮಾನ್ಯವಾಗಿ ಇರುತ್ತದೆ. ಗಾಜಿನ ಹಿಂದೆ ಸಾಲಾಗಿ ಇಟ್ಟಿರುವ ತೋಫು, ಅಣಬೆ, ಗುಜ್ಜೆ, ಸೊಪ್ಪು. ಬೆರಳು ತೋರಿಸಿದರೆ ಸಾಕು, ಭಾಷೆ ಬೇಡ. ಮೀನಿನ ಸಾಸ್ ಬದಲು ಸೋಯಾದಿಂದ ಮಾಡಿದ ಸಾಸ್ ಇರುತ್ತದೆ. ಆದರೂ ಮೊಟ್ಟೆ ಇದೆಯಾ ಅಂತ ಒಮ್ಮೆ ಕೇಳಿಬಿಡುವುದು ಒಳ್ಳೆಯದು. ಕಾಫಿಗೆ ಅಲ್ಲಿ ಮಂದ ಸಿಹಿ ಹಾಲು ಹಾಕುತ್ತಾರೆ, ‘ಕಾಫೆ ಡೆನ್’ ಅಂದರೆ ಕಪ್ಪು ಕಾಫಿ ಕೊಡುತ್ತಾರೆ. ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ ಕುಡಿದು ರೂಢಿ ಇರುವವರಿಗೆ ಅದೇನೂ ಜಾಸ್ತಿ ಸ್ಟ್ರಾಂಗ್ ಅನ್ನಿಸುವುದಿಲ್ಲ.

ಥಾಯ್ಲೆಂಡಿನಲ್ಲಿ ನೋಡಬೇಕಾದ್ದು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ. ಅದು ‘ಜೇ’ ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನನ್ನ ಅತ್ತೆಯನ್ನು ಧೈರ್ಯವಾಗಿ ಕರೆದುಕೊಂಡು ಹೋಗಬಹುದಾದ ಜಾಗ. ‘ಮಂಗ್ಸವಿರತ್’ ಅಂತ ಇನ್ನೊಂದಿದೆ, ಅದು ಬರೀ ಸಸ್ಯಾಹಾರ, ಮೊಟ್ಟೆ ಬರಬಹುದು. ಫುಕೆಟ್‌ನಲ್ಲಿ ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನದ ಸಸ್ಯಾಹಾರ ಹಬ್ಬ ನಡೆಯುತ್ತದೆ. ಕೆಲವು ವರ್ಷ ಅದು ನಮ್ಮ ನವರಾತ್ರಿಯ ಹೊತ್ತಿಗೇ ಬೀಳುತ್ತದೆ. ಆಗ ಊರಿಗೆ ಊರೇ ಹಳದಿ ಬಾವುಟ.

ಇಥಿಯೋಪಿಯಾ ಇನ್ನೂ ಸುಲಭ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದಲ್ಲಿ ಮಾಂಸ, ಹಾಲು, ಬೆಣ್ಣೆ ಬಿಡುತ್ತಾರೆ. ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವಾಗ ನಾನು ಬುಧವಾರ ಊರೊಳಗೆ ಉಳಿಯುವ ಹಾಗೆ ಟಿಕೆಟ್ ಮಾಡಿಸಿದೆ. ಉಪವಾಸದ ತಟ್ಟೆ ಕೇಳಿದರೆ ಇಂಜೆರಾ ಎಂಬ ಹುಳಿ ದೋಸೆಯ ಮೇಲೆ ಬೇಳೆ, ಕಡಲೆಹಿಟ್ಟಿನ ಶಿರೊ, ಎಲೆಕೋಸು, ಬೀಟ್‌ರೂಟ್ ಬಡಿಸುತ್ತಾರೆ. ಉಪವಾಸ ಅಂತ ಹೆಸರು ಮಾತ್ರ, ತಿಂದು ಏಳುವುದೇ ಕಷ್ಟ. ಬೇರೆ ದಿನ ಇದೇ ಬೇಳೆಗೆ ಮಸಾಲೆ ಬೆಣ್ಣೆ ಹಾಕಿರಬಹುದು, ಅದಕ್ಕೇ ಬುಧವಾರ.

ಜಪಾನ್ ಮಾತ್ರ ಕಷ್ಟವೇ. ಒಣಗಿಸಿದ ಬೊನಿಟೊ ಮೀನಿನಿಂದ ತೆಗೆದ ದಾಶಿ ಸಾರು ಮಿಸೊ ಸೂಪಿನಲ್ಲಿ, ನೂಡಲ್ಸಿನ ಸಾರಿನಲ್ಲಿ, ಎಲ್ಲ ಕಡೆ. ಕೋಯಾಸಾನ್‌ನಂಥ ಕಡೆ ಬೌದ್ಧ ಮಠಗಳಲ್ಲಿ ಉಳಿದುಕೊಂಡರೆ ಶೋಜಿನ್ ರ್ಯೋರಿ ಸಿಗುತ್ತದೆ, ಅದು ಪೂರ್ತಿ ಸಸ್ಯದ ಅಡುಗೆ. ಅಗ್ಗವಲ್ಲ.

ಯುರೋಪಿನಲ್ಲಿ ನನಗೆ ಊಟ ಕೊಟ್ಟಿದ್ದು ಸೂಪರ್‌ಮಾರ್ಕೆಟ್. ಯುರೋಪಿಯನ್ ಒಕ್ಕೂಟದ 2011ರ ನಿಯಮದ ಪ್ರಕಾರ ಅಲರ್ಜಿ ತರುವ 14 ಪದಾರ್ಥಗಳ ಹೆಸರು ಪ್ಯಾಕೆಟ್ ಮೇಲೆ ಎದ್ದು ಕಾಣಬೇಕು, ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ. ಹಾಲು, ಮೊಟ್ಟೆ, ಮೀನು ಮೂರೂ ಅದರಲ್ಲಿವೆ. ಜರ್ಮನಿಯಲ್ಲಿ ‘ಮಿಲ್ಖ್’, ‘ಐ’, ಇಟಲಿಯಲ್ಲಿ ‘ಲಾತ್ತೆ’, ‘ಉವೋವ’ ಎಂಬ ಪದಗಳು ಹೇಗೆ ಕಾಣುತ್ತವೆ ಅಂತ ಫೋನಿನಲ್ಲಿ ಚಿತ್ರ ಇಟ್ಟುಕೊಂಡರೆ ಸಾಕು. ಜೇನು, ಪ್ರಾಣಿಗಳ ಎಲುಬು, ಚರ್ಮದಿಂದ ಮಾಡುವ ಜೆಲಟಿನ್ ಆ 14ರಲ್ಲಿ ಇಲ್ಲ, ಅವನ್ನು ಬೇರೆಯಾಗಿ ಓದಬೇಕು. ಇಟಲಿಯಲ್ಲಿ ಪಿಜ್ಜಾ ಮರಿನಾರ ಕೇಳಿ: ಟೊಮ್ಯಾಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಅಷ್ಟೇ. ಚೀಸ್ ತೆಗೆಸಿದ ಪಿಜ್ಜಾ ಅಲ್ಲ ಅದು, ಮೊದಲಿನಿಂದಲೂ ಚೀಸ್ ಇಲ್ಲದ್ದೇ.

ಹೊರದೇಶದ ಇಂಡಿಯನ್ ರೆಸ್ಟೊರೆಂಟ್ ನನ್ನ ಕೊನೆಯ ಆಯ್ಕೆ. ನಾನ್‌ಗೆ ಮೊಸರು, ದಾಲ್‌ಗೆ ಬೆಣ್ಣೆ, ಗ್ರೇವಿಗೆ ಕ್ರೀಮ್. ಮತ್ತೆ ಬೆಂಗಳೂರಿನ ತಲೆನೋವೇ, ಅದೂ ಯುರೋ ಕೊಟ್ಟು!

ವಿಮಾನದ ಊಟದಲ್ಲಿ ‘ವೆಜ್’ ಅಂತ ಟಿಕ್ ಮಾಡಿ ಸುಮ್ನೆ ಕೂರಬೇಡಿ. ವಿಮಾನ ಕಂಪನಿಗಳ ಊಟದ ಕೋಡಿನಲ್ಲಿ ಎವಿಎಂಎಲ್ (AVML) ಅಂದರೆ ಭಾರತೀಯ ಶೈಲಿಯ ಸಸ್ಯಾಹಾರ, ಪನೀರ್, ಮೊಸರು ಇರುತ್ತದೆ. ನಮಗೆ ಬೇಕಾದ್ದು ವಿಜಿಎಂಎಲ್ (VGML), ಅಂದರೆ ವೀಗನ್ ಊಟ. ಹೆಚ್ಚಿನ ಕಂಪನಿಗಳಿಗೆ ಕನಿಷ್ಠ 24 ಗಂಟೆ ಮುಂಚೆ ಹೇಳಬೇಕು. ಒಂದು ಸಲ ಹೀಗೆ ಹೇಳಿದ್ದರೂ ನನಗೆ ಬಂದಿದ್ದು ಕಲ್ಲಂಗಡಿ ತುಂಡು ಮತ್ತು ಒಣ ಬನ್.

ಅದಕ್ಕೇ ಗಾಂಧಿ ಬಜಾರಿಗೆ ಹೋಗದೆ ನಾನು ಏರ್‌ಪೋರ್ಟ್ ಕಡೆ ತಲೆ ಹಾಕುವುದಿಲ್ಲ. ಗಟ್ಟಿ ಅವಲಕ್ಕಿ, ಚಟ್ನಿಪುಡಿ, ರಾಗಿ ಹುರಿಹಿಟ್ಟು, ಪುಳಿಯೋಗರೆ ಗೊಜ್ಜು. ಗೊಜ್ಜನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಅದನ್ನು ದ್ರವದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ದುಬೈ ದಾರಿಯಾಗಿ ಹೋಗುವವರು ಮಸಾಲೆ ಪುಡಿಯಲ್ಲಿ ಗಸಗಸೆ ಇದೆಯಾ ಅಂತ ನೋಡಿಕೊಳ್ಳಿ, ಯುಎಇಯಲ್ಲಿ ಅದು ನಿಷಿದ್ಧ, ಸಿಂಗಾಪುರದಲ್ಲೂ ಅಷ್ಟೇ. ಆಸ್ಟ್ರೇಲಿಯಾಗೆ ಹೋಗುವುದಾದರೆ ಇಳಿಯುವ ಮುಂಚೆ ತುಂಬುವ ಕಾರ್ಡಿನಲ್ಲಿ ತಿಂಡಿ ಇದೆ ಅಂತ ಬರೆದುಬಿಡಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಜೋರಾಗಿದೆ, ಬರೆದರೆ ತೆರೆದು ನೋಡಿ ಸಾಮಾನ್ಯವಾಗಿ ಬಿಡುತ್ತಾರೆ.