ಒಂದು ಮುಖ ಪೂರ್ತಿ: ಮನೆಯಲ್ಲಿ ಆಲ್ಬಮ್ ಕೇಳುವ ಕೂಟ ನಡೆಸುವ ಬಗೆ

ತನಗೆ ಮೆಚ್ಚುಗೆಯಾದ ಆಲ್ಬಮ್ಮನ್ನು ಇನ್ನೊಬ್ಬರಿಗೆ ಕೇಳಿಸಬೇಕೆಂಬ ಆಸೆ ಸಂಗೀತದ ಹುಚ್ಚು ಹಿಡಿದವರೆಲ್ಲರಿಗೂ ಇರುತ್ತದೆ. ಆದರೆ ಆ ಆಸೆ ಈಗ ಹೆಚ್ಚಿನ ಸಲ ಮೊಬೈಲಿನಲ್ಲಿ ಒಂದು ಲಿಂಕ್ ಕಳುಹಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಕಳುಹಿಸಿದವರು ಮತ್ತೆ ವಿಚಾರಿಸುವುದಿಲ್ಲ, ಪಡೆದವರು ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗುತ್ತಾರೆ. ಬಸವನಗುಡಿಯ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಕೆಲವು ವರ್ಷಗಳಿಂದ ತಿಂಗಳಿಗೊಂದು ಭಾನುವಾರ ಏಳೆಂಟು ಮಂದಿ ಸೇರಿ ಆಲ್ಬಮ್ ಕೇಳುತ್ತಿದ್ದೇವೆ. ಇಂಥದೊಂದು ಕೂಟವನ್ನು ತಮ್ಮ ಮನೆಯಲ್ಲಿಯೂ ಆರಂಭಿಸಬೇಕೆನ್ನುವವರಿಗಾಗಿ, ನಾವು ಹೆಚ್ಚಾಗಿ ತಪ್ಪು ಮಾಡಿಯೇ ಕಲಿತ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಕೂಟದಲ್ಲಿ ಆರು ಮಂದಿ ಇದ್ದೆವು, ಪ್ರತಿಯೊಬ್ಬರೂ ಚೀಲ ತುಂಬ ತಂದಿದ್ದೆವು. ಒಂದು ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಹಾಕಿದವರೇ ಎದ್ದು "ಇದಿರಲಿ, ಇದರ ಮುಂದಿನದು ಕೇಳಿ" ಎಂದು ತಟ್ಟೆಯ ಮೇಲಿನ ಮುಳ್ಳನ್ನು ಎತ್ತುತ್ತಿದ್ದರು. ಮೂರು ಗಂಟೆಯಲ್ಲಿ ಮೂವತ್ತು ಹಾಡುಗಳಾದವು. ಮರುದಿನ ಅವುಗಳಲ್ಲಿ ಯಾವುದೂ ಯಾರಿಗೂ ನೆನಪಿರಲಿಲ್ಲ. ಆಮೇಲಿನ ತಿಂಗಳು ಮಾಡಿಕೊಂಡ ನಿಯಮವನ್ನೇ ಇಂದಿಗೂ ಪಾಲಿಸುತ್ತಿದ್ದೇವೆ: ಒಬ್ಬರಿಗೆ ಒಂದು ಆಲ್ಬಮ್, ಅದರಲ್ಲಿ ಒಂದು ಮುಖ, ಆ ಮುಖ ಪೂರ್ತಿ. ಎಲ್‌ಪಿ, ಅಂದರೆ ಹಲವು ಹಾಡುಗಳು ಹಿಡಿಯುವ ದೊಡ್ಡ ಗ್ರಾಮಫೋನ್ ತಟ್ಟೆಯ ಒಂದು ಮುಖ ಸಾಮಾನ್ಯವಾಗಿ 20 ರಿಂದ 22 ನಿಮಿಷ ನಡೆಯುತ್ತದೆ, 60 ನಿಮಿಷದ ಕ್ಯಾಸೆಟ್ಟಿನ ಒಂದು ಮುಖ ಅರ್ಧ ಗಂಟೆ. ಒಂದು ಸಂಜೆಗೆ ಇಬ್ಬರ ಸರದಿ ಇಟ್ಟುಕೊಂಡರೆ ಮಾತುಕತೆಯೂ ಸೇರಿ ಎರಡು ಗಂಟೆ ಹಿತವಾಗಿ ತುಂಬುತ್ತದೆ. ಸಿ.ಡಿ.ಯಿಂದಲೋ ಸ್ಟ್ರೀಮಿಂಗ್ ಆ್ಯಪಿನಿಂದಲೋ ಕೇಳಿಸುವವರಿಗೆ ಮುಖ ಎಂಬುದು ಇರುವುದಿಲ್ಲವಾದ್ದರಿಂದ, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅವರು ಮೊದಲೇ ಗೊತ್ತುಮಾಡಿಕೊಂಡು ಬರಬೇಕು.

ಒಂದು ಮುಖವನ್ನು ಕತ್ತರಿಸದೆ ಕೇಳಬೇಕೆಂಬುದು ಬರಿಯ ಹಟವಲ್ಲ. ಎಲ್‌ಪಿಯ ಕಾಲದಲ್ಲಿ ಆಲ್ಬಮ್ ಮಾಡಿದವರು ಯಾವುದರ ನಂತರ ಯಾವುದು ಎಂದು ಯೋಚಿಸಿಯೇ ಜೋಡಿಸುತ್ತಿದ್ದರು. 1967ರಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ ಕೂಡಿ ಬಂದ 'ಕಾಲ್ ಆಫ್ ದಿ ವ್ಯಾಲಿ'ಯನ್ನೇ ನೋಡಿ: ಕಣಿವೆಯ ಕುರುಬನೊಬ್ಬನ ಒಂದು ದಿನವನ್ನು ಅದು ಹೇಳುತ್ತದೆ, ಬೆಳಗಿನ ಅಹಿರ್ ಭೈರವ ರಾಗದಿಂದ ಹೊರಟು ಕೊನೆಗೆ ಪಹಾಡಿಗೆ ಬಂದು ನಿಲ್ಲುತ್ತದೆ. ಅದನ್ನು ಶಫಲ್ ಮಾಡಿ, ಅಂದರೆ ಕ್ರಮ ಕಲಸಿ, ಕೇಳುವುದೆಂದರೆ ಊಟದ ಎಲೆಯಲ್ಲಿ ಮಜ್ಜಿಗೆ ಅನ್ನದ ಮೇಲೆ ಕೋಸಂಬರಿ ಬಡಿಸಿದ ಹಾಗೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳ ಲೆಕ್ಕವೇ ಬೇರೆ. ಅದರ ಒಂದು ಮುಖ ಸುಮಾರು ಮೂರು ನಿಮಿಷಕ್ಕೆ ಮುಗಿಯುವುದರಿಂದ ಐದಾರು ತಟ್ಟೆಗಳನ್ನು ಒಂದರ ಹಿಂದೊಂದು ಹಾಕಿ, ಅದನ್ನೇ ಒಬ್ಬರ ಸರದಿಯೆಂದು ಎಣಿಸುತ್ತೇವೆ. ಗಂಟೆಗಟ್ಟಲೆ ಹಾಡುತ್ತಿದ್ದ ವಿದ್ವಾಂಸರು ಒಂದು ರಾಗವನ್ನು ಮೂರು ನಿಮಿಷಕ್ಕೆ ಹೇಗೆ ಹಿಂಡಿ ಇಳಿಸಿದರೆಂಬುದೇ ಅಂಥ ಸಂಜೆಯ ವಿಷಯವಾಗಬಹುದು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು; ದೂರದ ಜರ್ಮನಿಯ ಕಾರ್ಖಾನೆಯವರಿಗೆ ಇದು ಯಾರ ತಟ್ಟೆಯೆಂದು ತಿಳಿಯಲು ಆ ಕೂಗು ಬೇಕಿತ್ತು. ಅದೇ ಗೌಹರ್ ಜಾನ್ ಕೊನೆಯ ದಿನಗಳನ್ನು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಳೆದು 1930ರಲ್ಲಿ ತೀರಿಕೊಂಡರು. ಇಷ್ಟನ್ನು ತಿಳಿದು ಆ ಕೂಗನ್ನು ಕೇಳಿದರೆ ಕರಕರ ಸದ್ದಿನ ತಟ್ಟೆಯೂ ಹತ್ತಿರದ್ದೆನಿಸುತ್ತದೆ.

ಯಾವ ಆಲ್ಬಮ್ ತರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಕೆಲವರಿಗೆ ಒಪ್ಪಿಗೆಯಾಗದು. ಪ್ರಾಣಕ್ಕಿಂತ ಪ್ರಿಯವಾದುದನ್ನು ಮೊದಲ ಸರದಿಗೆ ತರಬೇಡಿ. ಅದನ್ನು ಯಾರಾದರೂ ಆಕಳಿಸುತ್ತ ಕೇಳಿದರೆ ನಿಮಗೆ ನೋವಾಗುತ್ತದೆ, ಆ ನೋವಿನಲ್ಲಿ ನೀವು ಜಗಳಕ್ಕೆ ನಿಲ್ಲುತ್ತೀರಿ. ಯಾಕೆ ಇಷ್ಟವೆಂದು ಎರಡು ನಿಮಿಷದಲ್ಲಿ ಹೇಳಲು ಬರುವಂಥದನ್ನು ತನ್ನಿ. ಕನ್ನಡದ ಕೇಳುಗರ ನಡುವೆ ಸುಲಭವಾದ ಆರಂಭವೆಂದರೆ ಭಾವಗೀತೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದಿತು. ಅದು ಮನೆಯಲ್ಲಿಲ್ಲದವರೂ ಅದರ ಶೀರ್ಷಿಕೆ ಗೀತೆಯನ್ನು ಗುನುಗಬಲ್ಲರು, ಆದರೆ ಉಳಿದ ಹಾಡುಗಳನ್ನು ಸಾಲಾಗಿ ಕೇಳಿದವರು ಕಡಿಮೆ. ಗೊತ್ತಿರುವ ಒಂದು ಹಾಡಿನ ಅಕ್ಕಪಕ್ಕದಲ್ಲಿ ಗೊತ್ತಿಲ್ಲದವು ಇರುವ ಆಲ್ಬಮ್ ಹೊಸಬರ ಕೂಟಕ್ಕೆ ಬಹಳ ಒದಗುತ್ತದೆ.

ಒಂದೇ ಕವಿತೆಗೆ ಇಬ್ಬರು ಹಾಕಿದ ಎರಡು ಧಾಟಿಗಳನ್ನು ಒಟ್ಟಿಗೆ ಕೇಳುವುದೂ ಒಳ್ಳೆಯ ಉಪಾಯ. ನಾಡಗೀತೆಯ ವಿಚಾರದಲ್ಲಿ ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥ್ ಅವರದೋ ಎಂದು ವರ್ಷಗಟ್ಟಲೆ ನಡೆದ ಚರ್ಚೆಗೆ 2022ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಎರಡೂವರೆ ನಿಮಿಷದ ಅವಧಿಯೊಂದಿಗೆ ಒಪ್ಪಿ ತೆರೆ ಎಳೆಯಿತು. ಮನೆಯ ಕೂಟದಲ್ಲಿ ಆ ಚರ್ಚೆಯನ್ನು ಮತ್ತೆ ತೆರೆಯಲು ಯಾವ ಅಡ್ಡಿಯೂ ಇಲ್ಲ. ಹೀಗೆ ಎರಡನ್ನು ಹೋಲಿಸುವಾಗ ಒಂದು ಎಚ್ಚರ ಅಗತ್ಯ. ಸ್ವಲ್ಪ ಜೋರಾಗಿ ಕೇಳಿಸಿದ್ದು ಕಿವಿಗೆ ಹೆಚ್ಚು ಚೆನ್ನಾಗಿದೆಯೆಂದೇ ತೋರುತ್ತದೆ. ಆದ್ದರಿಂದ ಎರಡರ ವಾಲ್ಯೂಮನ್ನು ಮೊದಲೇ ಸಮಮಾಡಿ, ಗುಂಡಿ ಎಲ್ಲಿಗೆ ತಿರುಗಿರಬೇಕೆಂದು ಪೆನ್ಸಿಲಿನಿಂದ ಗುರುತಿಟ್ಟುಕೊಳ್ಳಿ.

ಕೋಣೆ ದೊಡ್ಡದಾಗಿರಬೇಕಿಲ್ಲ. ಎರಡು ಸ್ಪೀಕರುಗಳ ನಡುವೆ ಎಷ್ಟು ಅಂತರವಿದೆಯೋ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಎರಡಕ್ಕೂ ಎದುರಾಗಿ ಮುಖ್ಯ ಆಸನವಿರಲಿ. ಆ ಆಸನ ಅಂದಿನ ಆಲ್ಬಮ್ ತಂದವರಿಗಲ್ಲ, ಅದನ್ನು ಮೊದಲ ಸಲ ಕೇಳುವವರಿಗೆ. ಸ್ಪೀಕರನ್ನು ಗೋಡೆಯ ಮೂಲೆಗೆ ತಳ್ಳಿದರೆ ಮೃದಂಗದ ಎಡಭಾಗ ಗುಂಯ್‌ಗುಡುತ್ತದೆ, ಒಂದೆರಡು ಅಡಿ ಮುಂದಕ್ಕೆ ತಂದರೆ ತಿಳಿಯಾಗುತ್ತದೆ. ಬೆಂಗಳೂರಿನ ಹೊಸ ಮನೆಗಳಲ್ಲಿ ಟೈಲ್ಸ್ ನೆಲ, ಗಾಜಿನ ಕಿಟಕಿ ಸೇರಿ ಸದ್ದು ಪ್ರತಿಧ್ವನಿಸುವುದೇ ಹೆಚ್ಚು. ಜಮಖಾನ ಹಾಸಿ, ಪರದೆ ಎಳೆದು, ಪುಸ್ತಕದ ಕಪಾಟು ಇರುವ ಕೋಣೆಯನ್ನು ಆರಿಸಿದರೆ ಅರ್ಧ ಸಮಸ್ಯೆ ಪೈಸೆ ಖರ್ಚಿಲ್ಲದೆ ತೀರುತ್ತದೆ. ಅಪಾರ್ಟ್‌ಮೆಂಟಿನವರು ಸ್ಪೀಕರಿನ ಕೆಳಗೆ ದಪ್ಪ ರಬ್ಬರಿನ ತುಂಡುಗಳನ್ನು ಇಡಬೇಕು, ಕೆಳಮನೆಯವರಿಗೆ ತಾರಸಿಯ ಮೂಲಕ ತಲುಪುವುದು ತಗ್ಗಿನ ಸ್ವರಗಳೇ.

ಹೊತ್ತಿನ ಬಗ್ಗೆಯೂ ಒಂದು ಮಾತು. ಸಂಜೆ ನಾಲ್ಕಕ್ಕೆ ಆರಂಭಿಸಿದರೆ ನೆರೆಹೊರೆಯವರ ಒಡನಾಟವೂ ಉಳಿಯುತ್ತದೆ, ದೂರದಿಂದ ಬರುವವರಿಗೆ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಬರಲೂ ಅನುಕೂಲ. ಕಡಲೆಕಾಯಿ ಪರಿಷೆಯ ಸುತ್ತಮುತ್ತ ನಮ್ಮ ಕಡೆ ಕೂಟ ಇಡುವುದಿಲ್ಲ, ಪೀಪಿಗಳ ಮುಂದೆ ಯಾವ ಸ್ಪೀಕರೂ ನಿಲ್ಲದು. ರಾಮನವಮಿಯ ಸಮಯದಲ್ಲಿಯೂ ಬಿಡುವು, ಏಕೆಂದರೆ ಆಗ ಎಲ್ಲರೂ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಕಛೇರಿ ಕೇಳುತ್ತಿರುತ್ತಾರೆ.

ಸಲಕರಣೆ ದುಬಾರಿಯದಾಗಿರುವುದಕ್ಕಿಂತ ಶುಚಿಯಾಗಿರುವುದು ಮುಖ್ಯ. ತಟ್ಟೆಯನ್ನು ಅಂಚಿನಲ್ಲಿ ಮತ್ತು ನಡುವಿನ ಲೇಬಲಿನಲ್ಲಿ ಮಾತ್ರ ಮುಟ್ಟಬೇಕು, ಹಾಕುವ ಮುನ್ನ ಮೆತ್ತನೆಯ ಬ್ರಷ್ಷಿನಿಂದ ಸುತ್ತಿನ ದಿಕ್ಕಿನಲ್ಲಿಯೇ ಧೂಳು ತೆಗೆಯಬೇಕು. ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಬೇಕು. ಮುಳ್ಳಿನ ಭಾರವನ್ನು ಅದರ ತಯಾರಕರು ಹೇಳಿದಷ್ಟಕ್ಕೇ ಇಡಿ. ತಟ್ಟೆ ಸವೆಯದಿರಲೆಂದು ಭಾರ ಕಡಿಮೆ ಮಾಡುವವರಿದ್ದಾರೆ, ಆದರೆ ಹಗುರವಾದ ಮುಳ್ಳು ಗೆರೆಯೊಳಗೆ ಕುಳಿತುಕೊಳ್ಳದೆ ಎಗರಾಡಿ ಇನ್ನೂ ಹೆಚ್ಚು ಕೆಡಿಸುತ್ತದೆ. 78ರ ತಟ್ಟೆಗೆ ಎಲ್‌ಪಿಯ ಮುಳ್ಳು ಸಲ್ಲದು, ಅದರ ಗೆರೆ ಅಗಲವಾದದ್ದರಿಂದ ಅದಕ್ಕೆಂದೇ ಬೇರೆ ಮುಳ್ಳು ಬೇಕು. ಕೀಲಿ ಕೊಡುವ ಹಳೆಯ ಗ್ರಾಮಫೋನ್ ಆಗಿದ್ದರೆ ಉಕ್ಕಿನ ಮುಳ್ಳನ್ನು ಪ್ರತಿ ಮುಖಕ್ಕೂ ಬದಲಾಯಿಸಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ: 78ರ ತಟ್ಟೆಗಳು ಅರಗಿನಿಂದ ಮಾಡಿದವು, ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಸ್ಪಿರಿಟ್ ಬೇಕಾಗುವುದು ಕ್ಯಾಸೆಟ್ ಪ್ಲೇಯರಿನಲ್ಲಿ ಟೇಪನ್ನು ಓದುವ ಭಾಗವಾದ ಹೆಡ್ ಒರೆಸುವುದಕ್ಕೆ. ಹಳೆಯ ಕ್ಯಾಸೆಟ್ ಮಂಕಾಗಿ ಕೇಳಿಸಿದರೆ ಅದನ್ನು ಎಸೆಯುವ ಮೊದಲು ಹೆಡ್ ಒರೆಸಿ ನೋಡಿ, ಟೇಪಿನ ಹಿಂದಿರುವ ಪುಟ್ಟ ಮೆತ್ತೆ ಉದುರಿದೆಯೇ ಎಂಬುದನ್ನೂ ನೋಡಿ. ಬೆಲ್ಟ್, ಕೇಬಲ್, ಪಿನ್ನು ಇತ್ಯಾದಿಗಳಿಗೆ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಬೇಕು, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಇನ್ವರ್ಟರ್ ಇರುವ ಮನೆಯವರು ಕರೆಂಟ್ ಹೋದಾಗ ಟರ್ನ್‌ಟೇಬಲ್ ಹೇಗೆ ನಡೆಯುತ್ತದೆಂದು ಮೊದಲೇ ಪರೀಕ್ಷಿಸಿಕೊಳ್ಳಿ. ಕೆಲವು ಇನ್ವರ್ಟರುಗಳಲ್ಲಿ ಸ್ಪೀಕರಿನಿಂದ ಜೀರುಂಡೆಯಂಥ ಸದ್ದು ಬರುತ್ತದೆ.

ಮೊಬೈಲಿನಿಂದ ಕೇಳಿಸುವವರ ಕೆಲಸ ಸುಲಭ. ಶಫಲ್ ಮತ್ತು ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವ ಕ್ರಾಸ್‌ಫೇಡ್ ಎರಡನ್ನೂ ನಿಲ್ಲಿಸಿ, ಜಾಹೀರಾತು ಬಾರದಂತೆ ಆಲ್ಬಮ್ಮನ್ನು ಮೊದಲೇ ಇಳಿಸಿಟ್ಟು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರೆ ಸಾಕು.

ಕೂಟದ ನಡವಳಿಕೆಯಲ್ಲಿ ನಮ್ಮ ಮನೆಯ ನಿಯಮ ಕಠಿಣವಾದದ್ದೇ. ಆಲ್ಬಮ್ ತಂದವರು ಎರಡು ನಿಮಿಷ ಮಾತನಾಡಬಹುದು: ಯಾರು ಹಾಡಿದ್ದಾರೆ, ಯಾವ ವರ್ಷ, ತಮ್ಮ ಕೈಗೆ ಹೇಗೆ ಬಂತು. ಎಲ್ಲಿ ಗಮನವಿಡಬೇಕೆಂದು ಹೇಳಕೂಡದು, ಹೇಳಿದರೆ ಎಲ್ಲರೂ ಅಲ್ಲಿಗಾಗಿಯೇ ಕಾದು ಉಳಿದುದನ್ನು ಕಳೆದುಕೊಳ್ಳುತ್ತಾರೆ. ಹೊದಿಕೆಯನ್ನು ಕೈಯಿಂದ ಕೈಗೆ ದಾಟಿಸಿ, ಹಿಂಬದಿಯ ಬರಹವನ್ನು ಓದಿಕೊಳ್ಳಲಿ. ಮುಳ್ಳು ಇಳಿದ ಮೇಲೆ ಮಾತಿಲ್ಲ. ತಿಂಡಿಯೂ ಇಲ್ಲ, ಅದರಲ್ಲಿಯೂ ಕೋಡುಬಳೆ ಮತ್ತು ಚಕ್ಕುಲಿಗೆ ಪೂರ್ಣ ನಿಷೇಧ. ಆಲಾಪದ ನಡುವಿನ ಮೌನದಲ್ಲಿ ಒಂದು ಕೋಡುಬಳೆ ಮುರಿದ ಸದ್ದು ಎಷ್ಟು ದೊಡ್ಡದೆಂದು ಒಮ್ಮೆ ಅನುಭವಿಸಿದ್ದೇವೆ, ಮುರಿದವರು ಅದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಹದಿನೈದು ನಿಮಿಷ ಕೆನ್ನೆಯಲ್ಲಿಟ್ಟುಕೊಂಡು ಕುಳಿತಿದ್ದರು. ಕಾಫಿ, ಉಪ್ಪಿಟ್ಟು ಎಲ್ಲವೂ ಮುಖ ಮುಗಿದ ನಂತರ.

ಕೇಳಿದ ಮೇಲಿನ ಮಾತೇ ಕಷ್ಟದ್ದು. "ಬಹಳ ಚೆನ್ನಾಗಿತ್ತು" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ, "ನಮ್ಮ ಕಾಲದವರ ಹಾಗೆ ಈಗ ಯಾರು ಹಾಡುತ್ತಾರೆ" ಎಂದರೆ ಕಿರಿಯರು ಮುಂದಿನ ತಿಂಗಳು ಬರುವುದಿಲ್ಲ. ಹಾಗಾಗಿ ನಾವು ಒಂದೇ ಪ್ರಶ್ನೆಯನ್ನು ಇಟ್ಟುಕೊಂಡಿದ್ದೇವೆ: ಮತ್ತೊಮ್ಮೆ ಕೇಳಬೇಕೆನಿಸಿದ ಜಾಗ ಯಾವುದು? ಒಮ್ಮೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ತಟ್ಟೆ ಮುಗಿದಾಗ, ಅಷ್ಟು ಹೊತ್ತೂ ಕಣ್ಣುಮುಚ್ಚಿ ಮಂಡಿಯ ಮೇಲೆ ಬೆರಳೆಣಿಸುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರೊಬ್ಬರನ್ನು ಕಾಲೇಜು ಹುಡುಗಿಯೊಬ್ಬಳು "ನಿಮಗೆ ಯಾವ ಜಾಗ ಸಾರ್?" ಎಂದು ಕೇಳಿದಳು. "ಮಂದ್ರಕ್ಕೆ ಇಳಿಯುವಾಗ ತಂತಿಯ ಮೇಲೆ ಬೆರಳು ಜಾರಿದ ಸದ್ದು ಬಂತಲ್ಲಮ್ಮ, ಸ್ವರ ಅಲ್ಲ, ಬರಿ ಬೆರಳು" ಎಂದರು. ಆ ಜಾಗವನ್ನು ಹುಡುಕಿ ಮತ್ತೆ ಹಾಕಿದೆವು. ನಿಜ, ಸ್ವರಕ್ಕಿಂತ ಒಂದು ಕೂದಲೆಳೆ ಮೊದಲು, ಒಣಗಿದ ಎಲೆ ಸರಿದಂತೆ ಒಂದು ಸದ್ದು. ನನ್ನ ಬಳಿ ಆ ತಟ್ಟೆ ಇಪ್ಪತ್ತು ವರ್ಷಗಳಿಂದ ಇತ್ತು, ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ಬೇರೆ ಊರಿನಲ್ಲಿರುವ ಗೆಳೆಯರನ್ನು ವೀಡಿಯೊ ಕರೆಯಲ್ಲಿ ಸೇರಿಸಿಕೊಳ್ಳುವ ಪ್ರಯತ್ನ ನಮಗೆ ಕೈಗೂಡಲಿಲ್ಲ. ಕರೆಯ ಆ್ಯಪುಗಳು ಮನುಷ್ಯರ ಮಾತನ್ನು ಉಳಿಸಿಕೊಂಡು ಉಳಿದುದನ್ನು ಗದ್ದಲವೆಂದು ಅಳಿಸುವಂತೆ ರಚಿತವಾಗಿವೆ, ಎಡೆಬಿಡದೆ ನುಡಿಯುವ ತಂಬೂರಿಯನ್ನು ಅವು ಫ್ಯಾನಿನ ಸದ್ದೆಂದೇ ತಿಳಿಯುತ್ತವೆ. ಈಗ ಅವರು ಅದೇ ಆಲ್ಬಮ್ಮನ್ನು ಅದೇ ಹೊತ್ತಿಗೆ ತಮ್ಮ ಮನೆಯಲ್ಲಿ ಕೇಳಿ, ಮಾತುಕತೆಗೆ ಮಾತ್ರ ಕರೆಗೆ ಬರುತ್ತಾರೆ.

ಕೂಟ ನೆಲೆಗೊಂಡರೆ ಎರವಲು ಕೇಳುವವರು ಬಂದೇ ಬರುತ್ತಾರೆ. ಕೊಡಿ, ಆದರೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಆಲ್ಬಮ್, ಹೊದಿಕೆಯ ಸ್ಥಿತಿ ಬರೆದು ಸಹಿ ಹಾಕಿಸಿಕೊಳ್ಳಿ. ಸ್ನೇಹಕ್ಕೆ ಕುಂದು ಬರುವುದು ಸಹಿ ಕೇಳಿದ್ದರಿಂದಲ್ಲ, ತಟ್ಟೆ ಮರಳದಿರುವುದರಿಂದ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಡಿಜಿಟಲ್ ಪ್ರತಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಹಂಚುವ ಉತ್ಸಾಹ ಬೇಡ. ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ, ಕವಿಯ ಮತ್ತು ಸಂಗೀತ ಸಂಯೋಜಕರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ. ಮನೆಯಲ್ಲಿ ಗೆಳೆಯರೊಂದಿಗೆ ಕೇಳುವುದು ಬೇರೆ. ಅದನ್ನೇ ಸಭಾಂಗಣಕ್ಕೋ ಹೋಟೆಲಿಗೋ ಕೊಂಡೊಯ್ದರೆ ಹಕ್ಕುದಾರರ ಪರವಾನಗಿ ಬೇಕಾಗುತ್ತದೆ.

ತಟ್ಟೆ ಮರಳಿ ಬಂದಾಗ ಹೊದಿಕೆಯನ್ನಷ್ಟೇ ನೋಡಿ ಒಳಗಿಡಬೇಡಿ. ನನ್ನದೊಂದು ಎಲ್‌ಪಿ ಎರಡು ವರ್ಷ ಕಪಾಟಿನಲ್ಲಿ ಕುಳಿತಿದ್ದು, ಸರದಿಯ ದಿನ ಎಲ್ಲರೆದುರು ತೆರೆದಾಗ ಹೊದಿಕೆಯೊಳಗೆ ಯಾರದೋ ಮನೆಯ ಇಂಗ್ಲಿಷ್ ಉಚ್ಚಾರಣೆಯ ಪಾಠದ ತಟ್ಟೆ ಇತ್ತು. ಅಂದು ನಿಯಮದಂತೆ ಅದರ ಒಂದು ಮುಖವನ್ನು ಪೂರ್ತಿ ಕೇಳಿದೆವು.